ಡಿಗ್ರಿಗೆ ಕಾಲೇಜಿಗೆ ಹೋಗಲೇಬೇಕಾ? ಹೋಗಿಯೂ ಹೋಗದಂತಿದ್ದವನ ಉತ್ತರ

"ಪಿಯುಸಿ ಕಾಮರ್ಸ್ ಮುಗೀತು, ಊರು ಚಿಂತಾಮಣಿ ಕಡೆ. ದೂರಶಿಕ್ಷಣದಲ್ಲಿ ಬಿ.ಕಾಂ. ಕಟ್ಟಿ ಮನೆಯಲ್ಲೇ ಇರೋಣ ಅಂತಿದ್ದೀನಿ. ದಿನಾ ಕಾಲೇಜಿಗೆ ಹೋಗೋರಿಗೆ ಇದಕ್ಕಿಂತ ಜಾಸ್ತಿ ಏನು ಸಿಗುತ್ತೆ?" ಅಂತ ಕೇಳಿದ್ದೀರಿ.

ನಾನು ದಿನಾ ಹೋದವನು. ಹಾಜರಾತಿ ಯಾವತ್ತೂ ಕಮ್ಮಿ ಬೀಳಲಿಲ್ಲ, ಮಾರ್ಕ್ಸೂ ಚೆನ್ನಾಗಿಯೇ ಬಂತು. ಆದರೂ ಪಾಸಾದ ಮೇಲೆ ಕೆಲವು ವರ್ಷ ಯಾರಾದರೂ ನನ್ನನ್ನು ಇದೇ ಪ್ರಶ್ನೆ ಕೇಳಿದ್ದರೆ "ಏನೂ ಸಿಗಲ್ಲ, ಸುಮ್ನೆ ಟೈಮ್ ವೇಸ್ಟ್" ಅಂತಿದ್ದೆ.

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಮನೆಯಲ್ಲಿ ರೇಷ್ಮೆ ಹುಳ ಸಾಕೋದು. ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಬಿ.ಕಾಂ. ಸೇರಿದೆ. ಆಗ ನಮ್ಮ ಕಡೆಯ ಕಾಲೇಜುಗಳೆಲ್ಲ ಬೆಂಗಳೂರು ವಿಶ್ವವಿದ್ಯಾಲಯದ ಕೆಳಗೇ ಇದ್ದವು. ಕೋಲಾರದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಶುರುವಾಗಿದ್ದು 2017ರಲ್ಲಿ. ಹಿಂದುಳಿದ ವರ್ಗದವರಿಗೆ ಸರ್ಕಾರ ನಡೆಸುವ ಬಿಸಿಎಂ ಹಾಸ್ಟೆಲ್‌ನಲ್ಲಿ ನನಗೆ ಸೀಟು ಸಿಗುವ ಹಾಗಿತ್ತು, ಅರ್ಜಿ ಫಾರಂ ತಂದೂ ಇಟ್ಟಿದ್ದೆ. ತುಂಬಲಿಲ್ಲ. ಬದಲಿಗೆ ಬಸ್ ಪಾಸ್ ಮಾಡಿಸಿದೆ.

ಇದೇನು ದೊಡ್ಡ ತಪ್ಪು ಅಂತ ಅನಿಸಬಹುದು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು.

ಕೊನೇ ಪೀರಿಯಡ್ ಒಂದೂವರೆಗೆ ಮುಗಿಯುತ್ತಿತ್ತು. ನಮ್ಮ ಕಡೆ ಬಸ್ಸು ಒಂದೂ ಮುಕ್ಕಾಲಿಗೆ. ಬೆಲ್ ಹೊಡೆಯುವ ಮುಂಚೆಯೇ ಪುಸ್ತಕ ಬ್ಯಾಗಿನೊಳಗೆ ಹೋಗಿರುತ್ತಿತ್ತು. ಓಡಿದರೆ ಸೀಟು, ನಡೆದರೆ ಶಿಡ್ಲಘಟ್ಟದವರೆಗೂ ಕಂಬಿ ಹಿಡಿದು ನಿಲ್ಲಬೇಕು. ಯಾರಾದರೂ "ಇರೋ ಮಾರಾಯ, ಟೀ ಕುಡಿದು ಹೋಗುವೆಯಂತೆ" ಅಂದರೆ ನನ್ನ ಉತ್ತರ ರೆಡಿ: "ಹುಳ ಕೊನೇ ಜ್ವರ ಎದ್ದಿದೆ, ಹೋಗಿ ಸೊಪ್ಪು ಕೊಯ್ಯಬೇಕು."

ಕೊನೇ ಜ್ವರ ಅಂದರೆ ಹುಳ ಕೊನೇ ಸಲ ಪೊರೆ ಬಿಡೋದು; ಅದಾದ ಮೇಲೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಎಷ್ಟು ಹಾಕಿದರೂ ಸಾಲದು. ರೇಷ್ಮೆ ಮಾಡುವವರು ಇದನ್ನು ಓದಿದರೆ ನಗುತ್ತಾರೆ. ಮಟಮಟ ಮಧ್ಯಾಹ್ನ ಯಾರೂ ಸೊಪ್ಪು ಕೊಯ್ಯಲ್ಲ, ಬಾಡಿಹೋಗುತ್ತೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಕೊಯ್ಯಬೇಕು, ಇಲ್ಲಾ ಸಂಜೆ ತಂಪಿನಲ್ಲಿ. ಕೊನೇ ಜ್ವರ ಎದ್ದ ಹುಳ ಮನೆಮಂದಿಯನ್ನೆಲ್ಲ ಕುಣಿಸುತ್ತೆ ಅನ್ನೋದು ನಿಜ. ಅದು ಒಂದು ವಾರದ ಮಾತು ಅಷ್ಟೆ. ಹಣ್ಣಾದ ಹುಳವನ್ನು ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಟ್ಟು, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ ಮೇಲೆ, ಹುಳದ ಮನೆ ತೊಳೆದು ಬ್ಲೀಚಿಂಗ್ ಪೌಡರ್ ಹೊಡೆದು ಮುಂದಿನ ಚಾಕಿ, ಅಂದರೆ ಮರಿ ಹುಳ, ತರುವವರೆಗೂ ಮನೆಯಲ್ಲಿ ಒಂದು ಹುಳವೂ ಇರಲ್ಲ. ಆ ದಿನಗಳಲ್ಲೂ ನಾನು ಹಿಡಿಯುತ್ತಿದ್ದುದು ಅದೇ ಬಸ್ಸು. ಒಂದು ಸಲ ಅಪ್ಪನೇ ಕೇಳಿದರು, "ಇಷ್ಟು ಬೇಗ ಬಂದು ಇಲ್ಲೇನು ಮಾಡ್ತೀಯೋ?" ಅವರಿಗೂ ಏನೋ ಒಂದು ಹೇಳಿ ಜಾರಿಕೊಂಡೆ.

ಬಡತನ, ಹುಳ, ಬಸ್ಸು ಇದ್ಯಾವುದೂ ಕಾರಣ ಅಲ್ಲ. ಅಂಜಿಕೆ ಕಾರಣ. ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಪೇಟೆ ಹುಡುಗರು ಲೆಕ್ಚರರ್ ಹೆಗಲ ಪಕ್ಕದಲ್ಲೇ ನಿಂತು ಸಲೀಸಾಗಿ ಮಾತಾಡುತ್ತಿದ್ದರು, ಜೋಕ್ ಹೊಡೆಯುತ್ತಿದ್ದರು. ಕ್ಲಾಸಿನಲ್ಲಾದರೆ ಬಾಯಿ ಮುಚ್ಚಿಕೊಂಡು ಕೂರಬಹುದು, ಯಾರೂ ಏನೂ ಅನ್ನಲ್ಲ. ಕ್ಲಾಸು ಮುಗಿದ ಮೇಲೆ ಹಾಗೆ ಕೂರೋಕಾಗಲ್ಲ. ಮಾತಾಡಬೇಕು, ಕೇಳಬೇಕು, ತಪ್ಪು ಹೇಳಿ ನಗಿಸಿಕೊಳ್ಳಬೇಕು. ಅದರಿಂದ ತಪ್ಪಿಸಿಕೊಳ್ಳಲು ಬಸ್ ಪಾಸ್ ಒಳ್ಳೇ ದಾರಿಯಾಯಿತು. ಹಾಸ್ಟೆಲ್ ಸೇರಿದ್ದರೆ ಓಡಿಹೋಗಲು ಬಸ್ಸೇ ಇರುತ್ತಿರಲಿಲ್ಲ ನೋಡಿ.

ಇನ್ನೊಂದು ಮಾತು. ಓಡಿಬಂದಿದ್ದರಿಂದ ಓದು ಹೆಚ್ಚಾಯಿತಾ ಅಂದರೆ ಅದೂ ಇಲ್ಲ. ಮನೆಗೆ ಬಂದು ಊಟ ಮಾಡಿ ಮಲಗುತ್ತಿದ್ದೆ.

ಮೂರನೇ ವರ್ಷದಲ್ಲಿ ಅದರ ಬಿಲ್ ಬಂತು. ಬೆಂಗಳೂರಿನ ಒಂದು ಕಂಪನಿಯವರು ನಮ್ಮ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ, ಅಕೌಂಟ್ಸ್ ಕೆಲಸಕ್ಕೆ ನಂಬಿಕಸ್ತ ಹುಡುಗರಿದ್ದರೆ ಕಳಿಸಿ ಅಂದಿದ್ದರಂತೆ. ನೋಟಿಸ್ ಬೋರ್ಡಿನಲ್ಲಿ ಏನೂ ಹಾಕಲಿಲ್ಲ. ಸರ್ ತಮಗೆ ನೆನಪಿಗೆ ಬಂದವರ ಹೆಸರು ಬರೆದು ಕಳಿಸಿದರು. ಆ ಪಟ್ಟಿಯಲ್ಲಿ ನನಗಿಂತ ಕಮ್ಮಿ ಮಾರ್ಕ್ಸಿನವರೇ ಜಾಸ್ತಿ ಇದ್ದರು. ನನಗೆ ಮೈ ಉರಿದುಹೋಯಿತು. ಮಾರ್ಕ್ಸ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಹೋದೆ. ಸರ್ ಮೌಲ್ಯಮಾಪನದ ಕಂತೆ ಮುಂದಿಟ್ಟುಕೊಂಡು ಕೂತಿದ್ದರು. ತಲೆಯೆತ್ತಿ ನೋಡಿ, ಸ್ವಲ್ಪವೂ ಕೋಪವಿಲ್ಲದೆ ಕೇಳಿದರು: "ಯಾವ ಸೆಕ್ಷನ್ನಪ್ಪಾ ನೀನು?"

ಅವರನ್ನು ಬಯ್ಯಲು ಆಗುತ್ತಾ? ಮೂರು ವರ್ಷ ಅವರ ಮುಂದೆ ಕೂತಿದ್ದೆ, ಒಂದು ಸಲವೂ ಅವರ ಹತ್ತಿರ ಹೋಗಿ ಮಾತಾಡಿರಲಿಲ್ಲ. ಗೊತ್ತಿಲ್ಲದ ಹುಡುಗನನ್ನು ನಂಬಿಕಸ್ತ ಅಂತ ಅವರು ಹೇಗೆ ಹೇಳಬೇಕು?

ಆಮೇಲೆ ಒಂದೊಂದೇ ಗೊತ್ತಾಗುತ್ತಾ ಹೋಯಿತು. ನಮ್ಮ ಬ್ಯಾಚಿನವರೇ ಕೆಲವರು ಮಧ್ಯಾಹ್ನ ಲೈಬ್ರರಿಯಲ್ಲಿ ಕೂತು ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದುತ್ತಿದ್ದರು. ಒಬ್ಬ ಲೆಕ್ಚರರ್ ಅವರಿಗೆ ಪುಕ್ಕಟೆಯಾಗಿ ರೀಸನಿಂಗ್ ಹೇಳಿಕೊಡುತ್ತಿದ್ದರು. ನನಗೆ ಈ ಸಂಗತಿ ಗೊತ್ತಾಗಿದ್ದು ಅವರಲ್ಲೊಬ್ಬ ಆಯ್ಕೆಯಾಗಿ ಮೈಸೂರು ಪಾಕ್ ಹಂಚಿದ ದಿನ. ಆ ಬ್ಯಾಂಕ್ ಪರೀಕ್ಷೆಗೆ ಯಾವುದೇ ವಿಷಯದ ಡಿಗ್ರಿ ಸಾಕು. ಹಾಗಂತ ಹೇಳುವವರೂ ನನಗಿರಲಿಲ್ಲ. ಎನ್‌ಸಿಸಿ ಕೂಡ ಹಾಗೇ. ಸಿ ಸರ್ಟಿಫಿಕೇಟ್ ಇದ್ದರೆ ಲಿಖಿತ ಪರೀಕ್ಷೆ ಬರೆಯದೆಯೇ ಸೇನೆಯ ಅಧಿಕಾರಿ ಹುದ್ದೆಯ ಸಂದರ್ಶನಕ್ಕೆ ಅರ್ಜಿ ಹಾಕುವ ದಾರಿಯೊಂದಿದೆ. ನಾನು ಎನ್‌ಸಿಸಿ ಅಂದರೆ ಆಗಸ್ಟ್ ಹದಿನೈದರ ಪರೇಡ್ ಅಷ್ಟೇ ಅಂದುಕೊಂಡಿದ್ದೆ.

ಆ ಮೂರು ವರ್ಷದಲ್ಲಿ ಕಾಲೇಜು ನನಗೆ ನಿಜವಾಗಿ ಸಿಕ್ಕಿದ್ದು ಒಂದೇ ವಾರ. ಎರಡನೇ ವರ್ಷದ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರ, ಬಾಗೇಪಲ್ಲಿ ಕಡೆಯ ಒಂದು ಹಳ್ಳಿಯಲ್ಲಿ. ಹೆಸರು ಕೊಟ್ಟಿದ್ದು ಪಕ್ಕದ ಬೆಂಚಿನವನು, ನನ್ನನ್ನು ಕೇಳದೆಯೇ. ಹುಳ ಇಲ್ಲದ ದಿನಗಳಾದ್ದರಿಂದ ನೆಪವೂ ಸಿಗಲಿಲ್ಲ.

ಎನ್‌ಎಸ್‌ಎಸ್ ನೋಡಿಕೊಳ್ಳುತ್ತಿದ್ದ ಮೇಡಂ ಹಾಸನ ಕಡೆಯವರು. ಅವರಿಗೆ ತೆಲುಗು ಒಂದಕ್ಷರ ಬಾರದು. ಆ ಊರಲ್ಲಿ ಮನೆಮಾತೆಲ್ಲ ತೆಲುಗು. ಮನೆ ಮನೆಗೆ ಹೋಗಿ ಶೌಚಾಲಯ ಇದೆಯಾ, ಮಕ್ಕಳು ಶಾಲೆಗೆ ಹೋಗುತ್ತಾರಾ ಅಂತ ಬರೆದುಕೊಳ್ಳಬೇಕಿತ್ತು. "ತೆಲುಗು ಯಾರಿಗೆ ಬರುತ್ತೋ?" ಅಂದರು. ನಾನು ಕೈಯೆತ್ತಿದೆ. ಯಾಕೆ ಎತ್ತಿದೆನೋ ಇವತ್ತಿಗೂ ಗೊತ್ತಿಲ್ಲ. ಮೊದಲನೇ ಮನೆಯ ಅಜ್ಜಿ ನಮ್ಮನ್ನು ಓಟು ಕೇಳಲು ಬಂದವರು ಅಂದುಕೊಂಡು ಚೆನ್ನಾಗಿ ಉಗಿದರು. ಅವರನ್ನು ಸಮಾಧಾನ ಮಾಡಿ, ಜಗಲಿ ಮೇಲೆ ಕೂತು, ಮೇಡಂಗೆ ಕನ್ನಡದಲ್ಲಿ ಹೇಳಿ, ಅಜ್ಜಿಗೆ ತೆಲುಗಿನಲ್ಲಿ ಕೇಳಿ ಮುಗಿಸುವಷ್ಟರಲ್ಲಿ ನನಗೆ ಮಾತೇ ಬರಲ್ಲ ಅಂತ ನಾನೇ ಹಚ್ಚಿಕೊಂಡಿದ್ದ ಹಣೆಪಟ್ಟಿ ಅರ್ಧ ಕಿತ್ತುಹೋಗಿತ್ತು. ಸಂಜೆ ಕಾರ್ಯಕ್ರಮದಲ್ಲಿ ಊರವರ ಮುಂದೆ ಮೈಕ್ ಹಿಡಿದು ಆ ದಿನದ ವರದಿ ಓದಿದೆ. ಕಾಲು ನಡುಗಿತು, ಆದರೆ ಓದಿದೆ.

ರಾತ್ರಿ ಅಡುಗೆ ಪಾಳಿ. ನಮ್ಮೂರಲ್ಲಿ ಯಾರ ಮನೆಯ ನೀರು ಮುಟ್ಟಬಾರದು ಅಂತ ಹೇಳಿ ಬೆಳೆಸಿದ್ದರೋ ಅಂಥದೇ ಮನೆಯ ಒಬ್ಬ ಹುಡುಗ ನನ್ನ ಜೊತೆ ಪಾಳಿಯಲ್ಲಿದ್ದ. ಇಬ್ಬರೂ ಸೇರಿ ಅಷ್ಟು ಜನಕ್ಕೆ ಮುದ್ದೆ ಕಟ್ಟಬೇಕು. ನನ್ನ ಮುದ್ದೆ ಗಂಟುಗಂಟು. ಅವನು ನಕ್ಕು, ಕೋಲು ಕಿತ್ತುಕೊಂಡು ತಿರುವಿ ತೋರಿಸಿದ. ಅದನ್ನೇ ತಿಂದೆ. ಮನೆಯಲ್ಲಿ ಹೇಳಲಿಲ್ಲ ಬಿಡಿ. ಯಾವ ಪಾಠದಲ್ಲಿ ಇದು ಬರುತ್ತೆ? ಯಾವ ಯೂಟ್ಯೂಬ್ ಚಾನೆಲ್ ಇದನ್ನು ಕಲಿಸುತ್ತೆ?

ವಾಪಸ್ ಬಂದು ಏನು ಮಾಡಿದೆ ಅಂದರೆ, ಸೋಮವಾರ ಮತ್ತೆ ಅದೇ ಬಸ್ಸು ಹಿಡಿದೆ. ರುಚಿ ನೋಡಿಯೂ ಬಿಟ್ಟೆ. ನನಗೆ ಜಾಸ್ತಿ ಸಿಟ್ಟು ಬರೋದು ಇದರ ಬಗ್ಗೆ. ಹಾಸ್ಟೆಲ್ ಫಾರಂ ತುಂಬದಿದ್ದಾಗ ನನಗೇನೂ ಗೊತ್ತಿರಲಿಲ್ಲ ಅನ್ನಬಹುದು. ಶಿಬಿರ ಆದ ಮೇಲೆ ಹಾಗನ್ನುವಂತಿಲ್ಲ. ಆ ಮೇಡಂ ಮುಂದಿನ ವರ್ಷ ವರ್ಗವಾಗಿ ಹೋದರು. ಇದ್ದಷ್ಟು ದಿನ ಕಾರಿಡಾರಿನಲ್ಲಿ ಕಂಡಾಗಲೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು. ಇಡೀ ಕಾಲೇಜಿನಲ್ಲಿ ನನ್ನ ಹೆಸರು ಗೊತ್ತಿದ್ದ ಟೀಚರ್ ಅವರೊಬ್ಬರೇ.

ಡಿಗ್ರಿ ಆದ ಮೇಲೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಒಂದು ರೀಲಿಂಗ್ ಘಟಕದಲ್ಲಿ ಲೆಕ್ಕ ಬರೆಯುತ್ತಿದ್ದೆ. ಅದಕ್ಕೆ ಬಿ.ಕಾಂ. ಬೇಕಿರಲಿಲ್ಲ, ಕೂಡು ಕಳೆ ಸಾಕಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಆಡಿಟರ್ ಆಫೀಸುಗಳಿಗೆ ಅಂಗಡಿಯವರು ಬಿಲ್ ಬುಕ್ ಹಿಡಿದು ನುಗ್ಗಿದರು, ಎಲ್ಲ ಕಡೆ ಕೈ ಸಾಲದು. ಆಗ ಫೋನ್ ಬಂತು. ಮುದ್ದೆ ತಿರುವಿ ತೋರಿಸಿದ ಆ ಹುಡುಗನದು. "ನಮ್ಮ ಆಫೀಸಲ್ಲಿ ಜನ ಬೇಕು, ಬಾರೋ." ಇವತ್ತು ನಾನು ಉಣ್ಣುತ್ತಿರುವ ಅನ್ನ ಆ ಫೋನಿನದು. ನನ್ನ ಮಾರ್ಕ್ಸ್ ಎಷ್ಟು ಅಂತ ಅವನೂ ಕೇಳಲಿಲ್ಲ, ಅವನ ಆಡಿಟರೂ ಕೇಳಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ದೂರಶಿಕ್ಷಣ ಒಂದು ಕಡೆ, ಕಾಲೇಜು ಒಂದು ಕಡೆ ಇಟ್ಟು ತೂಗುತ್ತಿದ್ದೀರಿ. ನನ್ನ ಪ್ರಕಾರ ಆ ತಕ್ಕಡಿಯೇ ಸರಿಯಿಲ್ಲ. ಬರೀ ಡಿಗ್ರಿ ಬೇಕಿದ್ದರೆ ದೂರಶಿಕ್ಷಣ ಧಾರಾಳವಾಗಿ ಸಾಕು. ಯುಜಿಸಿ ಮಾನ್ಯತೆ ಇರುವ ಕಡೆ ಮಾಡಿದ ಡಿಗ್ರಿಗೆ ಕಾಲೇಜಿಗೆ ಹೋಗಿ ಮಾಡಿದ ಡಿಗ್ರಿಯಷ್ಟೇ ಬೆಲೆ. ಸರ್ಕಾರಿ ಕೆಲಸ ಅಂದರೆ ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕ) ಪಿಯುಸಿ ಸಾಕು, ಎಫ್‌ಡಿಎಗೆ (ಪ್ರಥಮ ದರ್ಜೆ ಸಹಾಯಕ), ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಡಿಗ್ರಿ ಬೇಕು. ಅದು ಎಲ್ಲಿ ಕೂತು ಓದಿದ್ದು ಅಂತ ಅರ್ಜಿಯಲ್ಲಿ ಕೇಳಲ್ಲ. ಮಾನ್ಯತೆ ಮಾತ್ರ ಸೇರುವ ವರ್ಷವೇ ನೋಡಿಕೊಳ್ಳಿ. ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವೇ ನಡುವೆ ಮಾನ್ಯತೆ ಕಳೆದುಕೊಂಡು 2018ರಲ್ಲಿ ಮತ್ತೆ ಪಡೆಯಿತು. ಆ ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ಬೇಡ.

ಪಾಠದ ಆಸೆಗೆ ಕಾಲೇಜಿಗೆ ಹೋಗ್ತೀನಿ ಅಂದರೂ ನಾನು ಬೇಡ ಅಂತಲೇ ಹೇಳುತ್ತೇನೆ. ಸರ್ಕಾರಿ ಕಾಲೇಜುಗಳಲ್ಲಿ ಅರ್ಧಕ್ಕರ್ಧ ಪಾಠ ಅತಿಥಿ ಉಪನ್ಯಾಸಕರ ಹೆಗಲ ಮೇಲಿರುತ್ತೆ. ಅವರಿಗೆ ಸಂಬಳ ಸರಿಯಾಗಿ ಬರಲ್ಲ, ಮುಷ್ಕರ ಬೇರೆ. ಪಾಪ, ಅವರದೇನೂ ತಪ್ಪಿಲ್ಲ. ಆದರೆ ಒಂದೊಂದು ತಿಂಗಳು ಕ್ಲಾಸೇ ನಡೆಯಲ್ಲ.

ಕ್ಲಾಸು ಮುಗಿದ ಮೇಲೆ ಅಲ್ಲಿ ಇರ್ತೀರಾ ಅನ್ನೋದೊಂದೇ ನಾನು ನಿಮ್ಮನ್ನು ಕೇಳೋದು. ಇರುವುದಾದರೆ ಕಣ್ಣುಮುಚ್ಚಿ ಸೇರಿ. ನನ್ನ ಹಾಗೆ ಬೆಲ್ ಹೊಡೆದ ತಕ್ಷಣ ಓಡಿಬರುವುದಾದರೆ ಮನೆಯಲ್ಲೇ ಇದ್ದು ಕಟ್ಟಿ, ಬಸ್ ಪಾಸಿನ ದುಡ್ಡಾದರೂ ಉಳಿಯುತ್ತೆ. ಅರ್ಧಂಬರ್ಧ ಹೋಗೋದು ಎರಡಕ್ಕಿಂತಲೂ ಕೆಟ್ಟದ್ದು. ನನ್ನ ತಂಗಿಗೂ ಇದನ್ನೇ ಹೇಳಿದೆ, ಅವಳು ಜಗಳ ಮಾಡಿ ಹಾಸ್ಟೆಲ್ ಸೇರಿದಳು.

ನಮ್ಮ ಜಿಲ್ಲೆಯಲ್ಲಿ ಯಾವ ಸಮಾರಂಭಕ್ಕೆ ಹೋದರೂ ಎಚ್. ನರಸಿಂಹಯ್ಯನವರ ಮಾತು ಬಂದೇ ಬರುತ್ತೆ. ಗೌರಿಬಿದನೂರಿನ ಹೊಸೂರಿನಿಂದ 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಹೋಗಿ ಓದಿದರು ಅಂತ. ಸರಿ, ನಡೆದರು. ಆದರೆ ಹೋದ ಮೇಲೆ ಅಲ್ಲೇ ಉಳಿದರಲ್ಲ, ಅದನ್ನು ಯಾರೂ ಹೇಳಲ್ಲ. ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ವಾಸ ಮಾತ್ರ ಹುಡುಗರ ಹಾಸ್ಟೆಲ್‌ನ ಕೋಣೆಯಲ್ಲಿ. ಅಷ್ಟು ಓದಿದ ಮನುಷ್ಯ ಸುಮ್ನೆ ಅಲ್ಲಿದ್ದರಾ?

ಖರ್ಚಿನ ಚಿಂತೆ ಇದ್ದರೆ ಒಂದೆರಡು ವಿಷಯ. 2024-25ರಿಂದ ಡಿಗ್ರಿ ಮತ್ತೆ ಮೂರೇ ವರ್ಷಕ್ಕೆ ಬಂದಿದೆ, ನಾಲ್ಕು ವರ್ಷ ಅಂತ ಹೆದರಬೇಡಿ. ಹೆಣ್ಣುಮಗಳಾಗಿದ್ದರೆ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ. ಹಿಂದುಳಿದ ವರ್ಗದವರಾಗಿ ಹಾಸ್ಟೆಲ್ ಸೀಟು ಸಿಗದಿದ್ದರೆ ವಿದ್ಯಾಸಿರಿ ಅನ್ನೋ ಸರ್ಕಾರಿ ಯೋಜನೆಯಲ್ಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ದುಡ್ಡು ಕೊಡುತ್ತಾರೆ. ಆ ದುಡ್ಡಿನಲ್ಲಿ ಇಬ್ಬರು ಮೂವರು ಸೇರಿ ಚಿಕ್ಕಬಳ್ಳಾಪುರದಲ್ಲೋ ಕೋಲಾರದಲ್ಲೋ ಒಂದು ರೂಮು ಮಾಡಬಹುದು. ಹಾಸ್ಟೆಲ್ಲಿಗೂ ವಿದ್ಯಾಸಿರಿಗೂ ಜಾತಿ, ಆದಾಯ ಪ್ರಮಾಣಪತ್ರ ಬೇಕು. ನಿಮ್ಮದು ಹಳೆಯದಾಗಿದ್ದರೆ ಇವತ್ತೇ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಅದರ ಮೇಲಿನ ಆರ್‌ಡಿ ನಂಬರ್ ಇಲ್ಲದೆ ಸ್ಕಾಲರ್‌ಶಿಪ್ ಅರ್ಜಿ ಮುಂದಕ್ಕೇ ಹೋಗಲ್ಲ. ಅಡ್ಮಿಷನ್ ಸಮಯದಲ್ಲಿ ಅಲ್ಲಿ ಸಿಕ್ಕಾಪಟ್ಟೆ ರಶ್ ಇರುತ್ತೆ.