ಕಿತ್ತ ದವಡೆ ಹಲ್ಲಿನ ಜಾಗಕ್ಕೆ ಬ್ರಿಡ್ಜ್ ಹಾಕಿಸಲು ಪಕ್ಕದ ಒಳ್ಳೆಯ ಹಲ್ಲು ತೇಯಿಸಬೇಕಾ?

ನೀವು ಕೇಳಿರುವುದು ಇಷ್ಟು: ಅಮ್ಮನಿಗೆ 54 ವರ್ಷ, ಕೆಳಗಿನ ಎಡಗಡೆಯ ಮೊದಲ ದವಡೆ ಹಲ್ಲು ಕೀಳಿಸಿ ಎರಡು ವರ್ಷವಾಯ್ತು. ಕೊಡಗಿನ ಸೋಮವಾರಪೇಟೆಯಲ್ಲಿ ತೋರಿಸಿದಾಗ ಅಕ್ಕಪಕ್ಕದ ಎರಡು ಹಲ್ಲು ತೇಯ್ದು ಮೂರು ಹಲ್ಲಿನ ಬ್ರಿಡ್ಜ್ (ಆ ಎರಡಕ್ಕೂ ಕ್ಯಾಪ್, ನಡುವೆ ಅವಕ್ಕೆ ಕೂಡಿಕೊಂಡ ಹುಸಿ ಹಲ್ಲು) ಹಾಕೋಣ ಅಂದರು. ಒಳ್ಳೆಯ ಹಲ್ಲು ಹಾಳು ಮಾಡಿಸಿಕೊಂಡ ಹಾಗಾಗುವುದಿಲ್ಲವಾ, ಯಾವ ಕ್ಯಾಪ್ ಒಳ್ಳೆಯದು, ಮಳೆ ಹಿಡಿಯುವ ಮುಂಚೆ ಮುಗಿಯುತ್ತದಾ?

ಆ ಎರಡು ಹಲ್ಲು ಈಗ ಯಾವ ಸ್ಥಿತಿಯಲ್ಲಿವೆ ಎಂಬುದರ ಮೇಲೆ ಎಲ್ಲ ನಿಂತಿದೆ. ಅವುಗಳಲ್ಲಿ ಆಗಲೇ ದೊಡ್ಡ ಫಿಲ್ಲಿಂಗ್ ಇದ್ದರೆ, ರೂಟ್ ಕೆನಾಲ್ ಆಗಿದ್ದರೆ, ಹೇಗೂ ಕ್ಯಾಪ್ ಬೇಕಾದ ಹಲ್ಲುಗಳವು. ಬ್ರಿಡ್ಜ್ ಸರಿಯಾದ ದಾರಿ. ಎರಡೂ ಹುಳುಕಿಲ್ಲದ, ಯಾರೂ ಮುಟ್ಟದ ಹಲ್ಲುಗಳಾಗಿದ್ದರೆ ನಾನಂತೂ ಮೊದಲು ಇಂಪ್ಲಾಂಟ್ (ದವಡೆ ಮೂಳೆಗೆ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು) ಬಗ್ಗೆ ಕೇಳಿ ಅನ್ನುತ್ತೇನೆ. ಪೂರ್ತಿ ಕ್ಯಾಪ್‌ಗೆ ಸುತ್ತಲೂ 1ರಿಂದ 1.5 ಮಿ.ಮೀ., ಮೇಲಿನಿಂದ 1.5ರಿಂದ 2 ಮಿ.ಮೀ. ತೇಯಬೇಕು. ಕೇಳಲು ಕಡಿಮೆ ಅನಿಸಿದರೂ ವಸಡಿನ ಮೇಲೆ ಕಾಣುವ ಹಲ್ಲಿನ ಸುಮಾರು ಮೂರರಲ್ಲಿ ಎರಡು ಪಾಲು ಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಒಳಗಿನ ನರಕ್ಕೆ ಪೆಟ್ಟಾಗಿ ಎಷ್ಟೋ ವರ್ಷದ ಮೇಲೆ ಕ್ಯಾಪ್ ಕೊರೆದು ರೂಟ್ ಕೆನಾಲ್ ಮಾಡುವ ಪ್ರಸಂಗವೂ ಬರಬಹುದು.

ಇಂಪ್ಲಾಂಟ್‌ಗೆ ಖರ್ಚು ಹೆಚ್ಚು, ಮೂಳೆ ಸಾಕಷ್ಟು ಇರಬೇಕು, ಮೂಳೆಗೆ ಕೂಡಿಕೊಳ್ಳಲು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಇನ್ನೊಂದು ದಾರಿಯನ್ನು ಯಾರೂ ಹೇಳುವುದಿಲ್ಲ: ಏನೂ ಮಾಡಿಸದೆ ಬಿಡುವುದು. ಅಮ್ಮನಿಗೆ ಅಗಿಯಲು ತೊಂದರೆ ಇಲ್ಲ, ಎರಡು ವರ್ಷದಲ್ಲಿ ಸುತ್ತಲಿನ ಹಲ್ಲು ಜಾಗ ಬಿಟ್ಟಿಲ್ಲ ಅಂದರೆ ಆರು ತಿಂಗಳಿಗೊಮ್ಮೆ ತೋರಿಸುತ್ತಾ ಹಾಗೇ ಇರಬಹುದು, ತಪ್ಪೇನಿಲ್ಲ.

ಆದರೆ ಎರಡು ವರ್ಷದಲ್ಲಿ ಹಲ್ಲು ಜರುಗಿರಲೂಬಹುದು. ಹಿಂದಿನ ದವಡೆ ಹಲ್ಲು ಖಾಲಿ ಜಾಗದ ಕಡೆ ವಾಲಬಹುದು, ಮೇಲಿನ ಹಲ್ಲು ಎದುರು ಹಲ್ಲು ಸಿಗದೆ ಕೆಳಗಿಳಿಯಬಹುದು. ಬ್ರಿಡ್ಜ್ ಕೂರಿಸುವಾಗ ಎರಡೂ ಕ್ಯಾಪ್ ಒಂದೇ ನೇರದಲ್ಲಿ ಇಳಿಯಬೇಕು. ಒಂದು ಹಲ್ಲು ತೀರಾ ವಾಲಿದ್ದರೆ ನೇರಕ್ಕೆ ತರಲು ಅದನ್ನೇ ಹೆಚ್ಚು ತೇಯಬೇಕಾಗಿ ನರ ಹತ್ತಿರವಾಗುತ್ತದೆ. ಅದಕ್ಕೆ ಒಪ್ಪುವ ಮೊದಲು ಎರಡೂ ಹಲ್ಲಿನ ಬೇರಿನ ತುದಿ ಕಾಣುವ ಎಕ್ಸ್-ರೇ ತೆಗೆಸಿ, ಪರದೆಯ ಮೇಲೆ ತೋರಿಸಿ ಅಂತ ಕೇಳಿ. ನೋಡಬೇಕಾದ್ದು ಮೂರು: ಬೇರಿನ ತುದಿಯಲ್ಲಿ ಕಪ್ಪು ನೆರಳಿದೆಯಾ, ಬೇರಿನ ಸುತ್ತ ಮೂಳೆ ಎಷ್ಟು ಉಳಿದಿದೆ, ಹಲ್ಲು ಎಷ್ಟು ವಾಲಿದೆ. ಅಲುಗುವ ಹಲ್ಲಿನ ಮೇಲೆ ಬ್ರಿಡ್ಜ್ ಕಟ್ಟಿದರೆ ಅದೂ ಅದರ ಜೊತೆಗೇ ಹೋಗುತ್ತದೆ.

ಕ್ಯಾಪ್ ಯಾವುದು ಎಂಬುದರ ಬಗ್ಗೆ ಜನ ಅಷ್ಟು ತಲೆ ಕೆಡಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಕೆಡುವುದು ಹೆಚ್ಚಾಗಿ ಕ್ಯಾಪ್ ಅಲ್ಲ, ಅದರ ಅಂಚಿನ ಕೆಳಗಿನ ಹಲ್ಲು. ವಾರಂಟಿ ಕಾರ್ಡ್ ಕೊಡುತ್ತಾರಲ್ಲ, ಅದು ಸಾಮಾನ್ಯವಾಗಿ ಕ್ಯಾಪ್ ಒಡೆದರೆ ಮಾತ್ರ. ಒಳಗೆ ಹುಳುಕಾದರೆ ಅಲ್ಲ. ಆದರೂ ಕೇಳಿದ್ದೀರಿ. ದವಡೆಯಲ್ಲಿ ಎರಡು ಸಾಮಾನ್ಯ. ಒಳಗೆ ಲೋಹ, ಮೇಲೆ ಸಿರಾಮಿಕ್ ಇರುವುದು ಒಂದು. ಒಳಗಿನ ಲೋಹ ಹೆಚ್ಚಾಗಿ ನಿಕಲ್-ಕ್ರೋಮಿಯಂ. ಅಮ್ಮನಿಗೆ ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಕಿವಿ ಕೆರೆಯುತ್ತದೆ ಅಂದರೆ ಡಾಕ್ಟರಿಗೆ ಹೇಳಿ, ನಿಕಲ್ ಇಲ್ಲದ್ದು ಬೇಕಾಗುತ್ತದೆ. ಮೇಲಿನ ಸಿರಾಮಿಕ್ ಚೂರು ಹಾರುವುದೂ ಉಂಟು. ಒಣ ಅಡಿಕೆ ಕಡಿಯುವವರಲ್ಲಿ, ಪಂದಿ ಕರಿಯ ಎಲುಬನ್ನು ಹಲ್ಲಲ್ಲೇ ಒಡೆಯುವವರಲ್ಲಿ ಆ ಅಪಾಯ ಜಾಸ್ತಿ. ಇನ್ನೊಂದು, ಪೂರ್ತಿ ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಸಿರಾಮಿಕ್‌ನದು. ಮೇಲೆ ಬೇರೆ ಪದರವಿಲ್ಲದ್ದರಿಂದ ಎದ್ದು ಹೋಗಲು ಏನೂ ಇರುವುದಿಲ್ಲ. ಆದರೆ ಹಲ್ಲು ಹಲ್ಲಿಗೆ ಕೂಡುವ ಕಡೆ ಅದು ದಪ್ಪವಿರಬೇಕು, ಸುಮಾರು 9 ಚದರ ಮಿ.ಮೀ. ತೇಯ್ದ ಮೇಲೆ ದವಡೆ ಹಲ್ಲು 4 ಮಿ.ಮೀ. ಎತ್ತರವೂ ಉಳಿಯದಿದ್ದರೆ ಅಷ್ಟು ದಪ್ಪಕ್ಕೆ ಜಾಗ ಸಿಗುವುದು ಕಷ್ಟ, ಕ್ಯಾಪ್ ಹಿಡಿದು ನಿಲ್ಲುವುದೂ ಕಷ್ಟ. ಅಂಥ ಗಿಡ್ಡ ಹಲ್ಲಿಗೆ ಲೋಹದ್ದೇ ವಾಸಿ. ಆಧಾರದ ಹಲ್ಲಿಗೆ ರೂಟ್ ಕೆನಾಲ್ ಆಗಿದ್ದರೆ ವಸಡಿನ ಮೇಲೆ ಸುತ್ತಲೂ ಗಟ್ಟಿ ಹಲ್ಲು 1.5ರಿಂದ 2 ಮಿ.ಮೀ. ಇರಲೇಬೇಕು. ಬರೀ ಫಿಲ್ಲಿಂಗ್ ಮೇಲೆ ಕೂರಿಸಿದ ಕ್ಯಾಪ್ ಬೇಗ ಕಳಚುತ್ತದೆ, ಇಲ್ಲ ಹಲ್ಲಿನ ಬೇರು ಸೀಳುತ್ತದೆ.

ಕೆಲಸ ನಡೆಯುವುದು ಹೀಗೆ. ಬಣ್ಣವನ್ನು ತೇಯುವ ಮೊದಲೇ, ಹಗಲು ಬೆಳಕಲ್ಲಿ ಹೊಂದಿಸಬೇಕು. ಹಲ್ಲು ಒಣಗಿದರೆ ಬಿಳಿಚಿ ಕಾಣುತ್ತದೆ. ಮರಗಟ್ಟಿಸಿ ತೇಯ್ದು, ಸಿಲಿಕೋನ್‌ನಲ್ಲಿ ಅಥವಾ ಸ್ಕ್ಯಾನರ್‌ನಲ್ಲಿ ಅಳತೆ ತೆಗೆದು, ಅದೇ ದಿನ ತಾತ್ಕಾಲಿಕ ಕ್ಯಾಪ್ ಹಾಕಿ ಕಳಿಸಬೇಕು. ಅದನ್ನು ಬಿಟ್ಟರೆ ಹಲ್ಲು ಜುಮ್ಮೆನ್ನುತ್ತದೆ, ಜರುಗಲೂಬಹುದು. ಆಗ ಲ್ಯಾಬಿನಿಂದ ಬಂದದ್ದು ಕೂರುವುದಿಲ್ಲ. ಲ್ಯಾಬಿಗೆ ಐದರಿಂದ ಹತ್ತು ದಿನ ಇಟ್ಟುಕೊಳ್ಳಿ. ಲೋಹದ್ದಾದರೆ ನಡುವೆ ಒಮ್ಮೆ ಲೋಹವನ್ನಷ್ಟೇ ಕೂರಿಸಿ ನೋಡುತ್ತಾರೆ. ಒಟ್ಟು ಮೂರು ಸಲ ಹೋಗಬೇಕು ಅಂದುಕೊಳ್ಳಿ.

ಮಳೆಯ ವಿಚಾರ ನೀವು ಸರಿಯಾಗಿಯೇ ಕೇಳಿದ್ದೀರಿ. ಲ್ಯಾಬ್ ಮಂಗಳೂರಿನಲ್ಲಿದ್ದರೆ, 2018ರ ಆಗಸ್ಟಿನಲ್ಲಿ ಮಡಿಕೇರಿ-ಮಂಗಳೂರು ಘಾಟಿ ಕುಸಿದಂತೆ ರಸ್ತೆ ಬಂದಾದಾಗ ಕ್ಯಾಪಿನ ಪೆಟ್ಟಿಗೆ ಅಲ್ಲೇ ಉಳಿಯುತ್ತದೆ. ಸ್ಕ್ಯಾನ್ ಆದರೆ ಅಳತೆ ಇಂಟರ್‌ನೆಟ್‌ನಲ್ಲಿ ಹೋಗುತ್ತದೆ, ಕ್ಯಾಪ್ ಮಾತ್ರ ರಸ್ತೆಯಲ್ಲೇ ಬರಬೇಕು. ತಾತ್ಕಾಲಿಕ ಕ್ಯಾಪ್ ವಾರಗಟ್ಟಲೆ ಉಳಿದರೆ ಒಳಗೆ ಎಂಜಲು ನುಗ್ಗುತ್ತದೆ. ಮೇ ಮೊದಲ ವಾರದೊಳಗೆ ತೇಯಿಸಲು ಆಗದಿದ್ದರೆ ಸೆಪ್ಟೆಂಬರ್ ಮೊದಲ ವಾರದ ಕೊಡವರ ಹಬ್ಬ ಕೈಲ್ ಪೊಳ್ದ್ ಕಳೆದ ಮೇಲೆ ಶುರು ಮಾಡಿ. ಎರಡು ವರ್ಷ ಕಾದಿದ್ದೀರಿ, ನಾಲ್ಕು ತಿಂಗಳು ದೊಡ್ಡದಲ್ಲ. ಖರ್ಚು ಹಿಡಿತದಲ್ಲಿರಬೇಕು ಅಂದರೆ ವಿರಾಜಪೇಟೆ ಹತ್ತಿರ ಮಗ್ಗುಲದ ದಂತ ವೈದ್ಯಕೀಯ ಕಾಲೇಜಿನಲ್ಲೂ ವಿಚಾರಿಸಿ. ಕಾಲೇಜೆಂದರೆ ಸಾಮಾನ್ಯವಾಗಿ ಓಡಾಟ ಹೆಚ್ಚು, ಒಂದೊಂದು ಸಲವೂ ಹೊತ್ತು ಹಿಡಿಯುತ್ತದೆ. ಸೋಮವಾರಪೇಟೆಯಿಂದ ದೂರವೂ ಹೌದು.

ಸಿಮೆಂಟ್ ಹಾಕುವ ಮೊದಲು ಕಚ್ಚಿಸಿ ನೋಡುತ್ತಾರೆ. ನೀಲಿ ಕಾಗದ ಕಚ್ಚಿದಾಗ ಬ್ರಿಡ್ಜ್ ಮೇಲೆ ಒಂದೇ ಕಡೆ ದಟ್ಟ ಚುಕ್ಕೆ ಬಿದ್ದು ಉಳಿದ ಹಲ್ಲು ಖಾಲಿ ಉಳಿದರೆ ಅದು ಎತ್ತರವಾಗಿದೆ ಎಂದರ್ಥ. ‘ಎರಡು ದಿನದಲ್ಲಿ ಒಗ್ಗುತ್ತದೆ’ ಅಂದರೆ ಒಪ್ಪಬೇಡಿ, ಅಲ್ಲೇ ತೇಯಿಸಿ ಮತ್ತೆ ಪಾಲಿಶ್ ಮಾಡಿಸಿ. ಮರಗಟ್ಟಿದ ಬಾಯಲ್ಲಿ ಅಮ್ಮನಿಗೆ ಸರಿಯಾಗಿ ತಿಳಿಯುವುದಿಲ್ಲ. ಮನೆಗೆ ಬಂದ ಮೇಲೆ ಕಚ್ಚಿದಾಗ ಆ ಹಲ್ಲೇ ಮೊದಲು ತಾಗಿದರೆ ಅದೇ ವಾರ ವಾಪಸು ಹೋಗಿ. ತಣ್ಣೀರಿಗೆ ಒಂದೆರಡು ವಾರ ಜುಮ್ಮೆನ್ನುವುದು ಇದ್ದದ್ದೇ. ರಾತ್ರಿ ತಾನಾಗಿ ಎದ್ದು ಮಿಡಿಯುವ ನೋವಾದರೆ ನರದ್ದು, ಕಾಯಬೇಡಿ.

ನಡುವಿನ ಹುಸಿ ಹಲ್ಲಿನ ಅಡಿಗೆ ಬ್ರಷ್ ಹೋಗುವುದಿಲ್ಲ. ಸೂಪರ್ ಫ್ಲಾಸ್ ಎಂಬ ದಾರ ಸಿಗುತ್ತದೆ, ಅದರ ಒಂದು ತುದಿ ಗಟ್ಟಿ. ಅದನ್ನು ಕೆನ್ನೆ ಕಡೆಯಿಂದ ಕ್ಯಾಪಿಗೂ ಹುಸಿ ಹಲ್ಲಿಗೂ ನಡುವೆ ವಸಡಿನ ಹತ್ತಿರ ತೂರಿಸಿ, ನಾಲಿಗೆ ಕಡೆಯಿಂದ ಎಳೆದುಕೊಂಡು, ಹಿಂಜಿದ ಹತ್ತಿಯಂಥ ಭಾಗ ಅಡಿಯಲ್ಲಿ ಬಂದಾಗ ಐದಾರು ಸಲ ಆಚೀಚೆ ಆಡಿಸಬೇಕು. ದಿನಕ್ಕೊಮ್ಮೆ, ರಾತ್ರಿ. ಮೊದಲ ವಾರ ಸ್ವಲ್ಪ ರಕ್ತ ಬಂದರೆ ನಿಲ್ಲಿಸಬೇಡಿ.

ಬ್ರಿಡ್ಜ್‌ನಲ್ಲಿ ಕಳ್ಳ ತೊಂದರೆ ಒಂದಿದೆ. ಒಂದು ಕಡೆಯ ಸಿಮೆಂಟ್ ಬಿಟ್ಟಿರುತ್ತದೆ, ಇನ್ನೊಂದು ಕಡೆ ಹಿಡಿದಿರುತ್ತದೆ; ಉದುರುವುದಿಲ್ಲವಾದ್ದರಿಂದ ಗೊತ್ತೇ ಆಗುವುದಿಲ್ಲ, ಒಳಗೆ ಹಲ್ಲು ಕರಗುತ್ತಿರುತ್ತದೆ. ಅಗಿಯುವಾಗ ಕೆಟ್ಟ ರುಚಿ, ವಾಸನೆ ಬಂದರೆ ಕನ್ನಡಿ ಮುಂದೆ ನಿಂತು ಬ್ರಿಡ್ಜನ್ನು ಬೆರಳಲ್ಲಿ ಮೇಲೆ ಕೆಳಗೆ ಅಲುಗಿಸಿ ನೋಡಲಿ. ಅಂಚಿನಲ್ಲಿ ಎಂಜಲಿನ ಸಣ್ಣ ಗುಳ್ಳೆ ಬಂದರೆ ಆ ಕಡೆ ಬಿಟ್ಟಿದೆ. ಪೂರ್ತಿ ಕಳಚಿ ಕೈಗೆ ಬಂದರೆ ತೊಳೆದು ಡಬ್ಬಿಯಲ್ಲಿಟ್ಟು ಒಂದೆರಡು ದಿನದೊಳಗೆ ಒಯ್ಯಿರಿ. ಒಳಗೆ ಹುಳುಕಿಲ್ಲದಿದ್ದರೆ ಅದನ್ನೇ ಮತ್ತೆ ಕೂರಿಸಬಹುದು. ಫೆವಿಕ್ವಿಕ್ ಹಾಕಿ ಅಂಟಿಸಿದರೆ ಬ್ರಿಡ್ಜ್ ಓರೆಯಾಗಿ ಕೂತು, ಬಿಡಿಸಲು ಕೊರೆಯಲೇಬೇಕಾಗುತ್ತದೆ.