ತಪಾಸಣೆ ಮಾಡಿದವರ ಹೆಸರು ಬಾಡಿಗೆದಾರರ ಕೈಯಲ್ಲಿರಲಿ

ಓದುಗರ ಪತ್ರ: ಕಲಬುರಗಿಯ ಜೇವರ್ಗಿ ಕಾಲೊನಿಯಲ್ಲಿ ಬಾಡಿಗೆಗಿರುವ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು. ಬೇಸಿಗೆ ಶುರುವಾದಾಗಿನಿಂದ ಕೂಲರ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಮಾಲೀಕರಿಗೆ ಹೇಳಿದರೆ "ಚಪ್ಪಲ್ ಹಾಕ್ಕೊಂಡು ಮುಟ್ರಿ" ಅಂದರಂತೆ. ಈ ಶಿಕ್ಷಕಿಯ ಮಗಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಳೆ. ಅಲ್ಲಿ ಬಾಡಿಗೆ ಮನೆಗೆ ಹೋಗುವ ಮೊದಲೇ ಮನೆಯ ಕರೆಂಟ್ ತಪಾಸಣೆಯ ವರದಿ ಅವಳ ಕೈಸೇರಿದೆ. "ನಮ್ಮಲ್ಲೂ ಎಲೆಕ್ಟ್ರಿಷಿಯನ್‌ಗಳ ಹೆಸರು ನೋಂದಾಯಿಸಿ, ಅವರಿಂದಲೇ ಬಾಡಿಗೆ ಮನೆಗಳ ತಪಾಸಣೆ ಮಾಡಿಸಲು ಆಗುವುದಿಲ್ಲವೇ? ನನ್ನಂಥವರು ಜಾಸ್ತಿ ಕೇಳಿದರೆ ಮನೆ ಖಾಲಿ ಮಾಡಿ ಅನ್ನುತ್ತಾರೆ, ಅಲ್ವಾ?" ಎಂದು ಅವರು ಕೇಳುತ್ತಾರೆ.

ಸಂಪಾದಕರ ಉತ್ತರ:

ಆತ್ಮೀಯ ಓದುಗರೆ,

ಮೊದಲು ಕೂಲರ್ ಮಾತು, ಉಳಿದದ್ದು ಆಮೇಲೆ. ಮೇನ್ ಸ್ವಿಚ್ ಆಫ್ ಮಾಡಿ, ಕೂಲರಿನ ಪ್ಲಗ್ ಕಿತ್ತು ಬದಿಗಿಡಿ. ತಿಳಿದವರು ಬಂದು ನೋಡುವವರೆಗೆ ಅದನ್ನು ಹಚ್ಚಬೇಡಿ. ನಮ್ಮ ಊರಿನ ಏಪ್ರಿಲ್, ಮೇ ಬಿಸಿಲಲ್ಲಿ ಇದು ಎಷ್ಟು ಕಷ್ಟದ ಮಾತು ಅಂತ ಗೊತ್ತು. ಆದರೂ ಹೇಳಲೇಬೇಕು.

ಚಪ್ಪಲಿ ಹಾಕಿಕೊಂಡು ಮುಟ್ಟಿ ಅನ್ನುವುದನ್ನು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕೇಳುತ್ತೇವೆ. ಅದನ್ನು ಒಪ್ಪಬೇಡಿ. ಕೈ ಜುಮ್ ಅಂದಿತು ಅಂದರೆ ಕೂಲರಿನ ತಗಡಿಗೆ ಆಗಲೇ ಕರೆಂಟ್ ಬಂದಿದೆ. ಕಾಲು ಒಣಗಿದೆ, ನೆಲ ಒಣಗಿದೆ, ಅಷ್ಟಕ್ಕೇ ನೀವು ಉಳಿದುಕೊಂಡಿದ್ದೀರಿ. ಕೂಲರಿಗೆ ನೀರು ತುಂಬುವಾಗ ಒಂದಿಷ್ಟು ಕೆಳಗೆ ಚೆಲ್ಲದೆ ಇರುತ್ತದೆಯೇ? ಶಹಾಬಾದಿ ಕಲ್ಲಿನ ನೆಲ ಒದ್ದೆಯಾಗಿ, ಬರಿಗಾಲಲ್ಲಿ ಮಗು ಓಡಿ ಬಂದು ಅದೇ ತಗಡು ಹಿಡಿದರೆ ಬರೀ ಜುಮ್ ಅನ್ನುವುದಿಲ್ಲ. ಮೈಯಲ್ಲಿ 10 ಮಿಲಿ ಆಂಪಿಯರ್ ದಾಟಿದ ಕರೆಂಟ್ ಹರಿದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗದೆ ಹೋಗಬಹುದು. ನಮ್ಮ ಜನ "ಕರೆಂಟ್ ಹಿಡಕೊಂಡಿತು" ಅನ್ನುವುದು ಇದನ್ನೇ.

ಇದಕ್ಕೆ ಕೂಲರ್ ಒಂದೇ ಕಾರಣ ಇರಲಾರದು. ಅದರ ಮೋಟಾರಿನಲ್ಲೋ ಪಂಪಿನಲ್ಲೋ ಸೋರಿಕೆ ಇರಬಹುದು, ನಿಜ. ಆದರೆ ಅರ್ಥಿಂಗ್ ಸರಿ ಇದ್ದಿದ್ದರೆ ಆ ಕರೆಂಟ್ ನಿಮ್ಮ ಕೈಗೆ ಬರದೆ ಭೂಮಿಗೆ ಹೋಗುತ್ತಿತ್ತು. ಗೋಡೆಯಲ್ಲಿ ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತ ತಿಳಿಯಬಾರದು. ಹಳೆ ಮನೆಗಳಲ್ಲಿ ಎರಡೇ ತಂತಿ ಎಳೆದು, ಮೇಲಿನ ದೊಡ್ಡ ತೂತನ್ನು ಖಾಲಿ ಬಿಟ್ಟಿರುತ್ತಾರೆ. ಕೆಲವರು ಇನ್ನೂ ಅಪಾಯದ ಕೆಲಸ ಮಾಡುತ್ತಾರೆ. ಸಾಕೆಟ್ಟಿನ ಒಳಗೇ, ಕರೆಂಟ್ ಮರಳಿ ಹೋಗುವ ನ್ಯೂಟ್ರಲ್ ತಂತಿಯನ್ನು ಅರ್ಥ್ ಪಿನ್ನಿಗೆ ಜೋಡಿಸಿಬಿಡುತ್ತಾರೆ. ಎಲ್ಲೋ ನ್ಯೂಟ್ರಲ್ ಕಡಿದುಹೋದ ದಿನ ಕೂಲರ್, ಫ್ರಿಜ್, ವಾಷಿಂಗ್ ಮಷಿನ್ ಎಲ್ಲದರ ಮೈಗೂ 230 ವೋಲ್ಟ್ ಬರುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನಮ್ಮ ಕರಿ ಮಣ್ಣಿನದೂ ಒಂದು ಪಾಲಿದೆ. ಮಳೆಗಾಲದಲ್ಲಿ ಉಬ್ಬುವ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಅರ್ಥಿಂಗ್ ಗುಂಡಿಯ ಪೈಪಿಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಇದ್ದಿಲು, ಉಪ್ಪು ಹಾಕಿ ಹೂತ ಗುಂಡಿಗೆ ವರ್ಷಗಟ್ಟಲೆ ಒಂದು ಕೊಡ ನೀರೂ ಬಿದ್ದಿರುವುದಿಲ್ಲ. ಕೂಲರ್ ಜಾಸ್ತಿ ಓಡುವ ತಿಂಗಳಲ್ಲೇ ಅರ್ಥಿಂಗ್ ಕೈಕೊಡುತ್ತದೆ.

"ಎಂಸಿಬಿ ಇದೆಯಲ್ಲ, ಬಿದ್ದುಬಿಡುತ್ತದೆ" ಅಂತ ಬಹಳ ಜನ ನಂಬಿದ್ದಾರೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು. ಅದು ಕಾಯುವುದು ತಂತಿಯನ್ನು, ಮನುಷ್ಯರನ್ನಲ್ಲ. 16 ಆಂಪಿಯರಿನ ಎಂಸಿಬಿ ಅಂದರೆ 16,000 ಮಿಲಿ ಆಂಪಿಯರ್ ದಾಟಿದರೆ ಮಾತ್ರ ಬೀಳುವಂಥದ್ದು. ಮನುಷ್ಯರನ್ನು ಕಾಯಲು ಬೇಕಾದದ್ದು 30 ಮಿಲಿ ಆಂಪಿಯರ್ ಸೋರಿಕೆಗೇ ಲೈನ್ ಕಡಿಯುವ ಆರ್‌ಸಿಸಿಬಿ. ಎರಡಕ್ಕೂ ಐನೂರು ಪಟ್ಟಿಗಿಂತ ಹೆಚ್ಚು ಅಂತರ ಇದೆ. ಆರ್‌ಸಿಸಿಬಿ ಮೇಲೆ ಪರೀಕ್ಷೆಗೆಂದು ಒಂದು ಸಣ್ಣ ಗುಂಡಿ ಇರುತ್ತದೆ. ಒತ್ತಿದ ಕೂಡಲೇ ಬೀಳಬೇಕು. ಬೀಳದಿದ್ದರೆ ಅದನ್ನು ನಂಬಬೇಡಿ. ಇನ್ನೊಂದು ಸಂಗತಿ ನೋಡಿ: ಇನ್ವರ್ಟರ್ ಕೂಡಿಸುವಾಗ ನ್ಯೂಟ್ರಲ್ ಅದಲುಬದಲಾದರೆ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ಆಗ ತಪ್ಪು ಎಲ್ಲಿದೆ ಅಂತ ಹುಡುಕದೆ ಅದನ್ನೇ ಬೈಪಾಸ್ ಮಾಡಿ ಹೋಗುವವರಿದ್ದಾರೆ. ಮನೆಯವರಿಗೆ ಡಬ್ಬಿಯಲ್ಲಿ ಸಾಧನ ಕಾಣುತ್ತದೆ, ಆದರೆ ಅದು ಕೆಲಸದಲ್ಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸ್ವಂತ ಮನೆಯವರಿಗೆ ತಮ್ಮ ಮನೆಗೆ ಯಾವಾಗ ವೈರಿಂಗ್ ಆಯಿತು, ಯಾರು ಮಾಡಿದರು ಅನ್ನುವುದಾದರೂ ನೆನಪಿರುತ್ತದೆ. ಬಾಡಿಗೆದಾರರಿಗೆ ಅದೂ ಇಲ್ಲ. ಹನ್ನೊಂದು ತಿಂಗಳ ಕರಾರಿಗೆ ಬರುತ್ತಾರೆ, ಹೋಗುತ್ತಾರೆ. ಮಾಲೀಕರು ಮೇಲೆ ಎರಡು ತಗಡಿನ ಕೋಣೆ ಕಟ್ಟಿದಾಗ ಕೆಳಗಿನ ಬೋರ್ಡಿನಿಂದಲೇ ತಂತಿ ಎಳೆದು ಸಬ್ ಮೀಟರ್ ಕೂರಿಸಿರುತ್ತಾರೆ. ಲೈಟಿಗೆಂದು ಎಳೆದ ಸಣ್ಣ ತಂತಿಯ ಮೇಲೆ ಹುಡುಗರು ಹೀಟರ್ ಕಾಯಿಲ್ ಹಚ್ಚುತ್ತಾರೆ. ಗೋಡೆಯೊಳಗಿನ ವೈರಿಂಗ್ ಮುಟ್ಟುವ ಹಕ್ಕು ಬಾಡಿಗೆದಾರರಿಗಿಲ್ಲ, ನೋಡುವ ಗರಜು ಮಾಲೀಕರಿಗಿಲ್ಲ. ಕರೆಂಟ್ ಕೊಡುವ ಕಂಪನಿ ಜೆಸ್ಕಾಂ ಜವಾಬ್ದಾರಿ ಮೀಟರಿಗೆ ಮುಗಿಯುತ್ತದೆ. ಕಂಬ, ಸರ್ವಿಸ್ ವೈರ್, ಮೀಟರ್ ತೊಂದರೆ ಇದ್ದರೆ 1912 ಕ್ಕೆ ಫೋನ್ ಮಾಡಬಹುದು. ಒಳಗಿನದಕ್ಕೆ ಯಾರಿಗೆ ಫೋನ್ ಮಾಡುವುದು?

ನಿಮ್ಮ ಮಗಳು ಇರುವ ಇಂಗ್ಲೆಂಡಿನಲ್ಲಿ ಇದಕ್ಕೆ 2020 ರಲ್ಲಿ ನಿಯಮ ಬಂತು. ಆ ವರ್ಷದ ಜುಲೈ 1 ರಿಂದ ಹೊಸ ಬಾಡಿಗೆಗಳಿಗೆ, 2021 ರ ಏಪ್ರಿಲ್ 1 ರಿಂದ ಹಳೆಯವಕ್ಕೂ ಅದು ಅನ್ವಯ ಆಯಿತು. ಕನಿಷ್ಠ ಐದು ವರ್ಷಕ್ಕೊಮ್ಮೆ ಮಾಲೀಕರು ತಪಾಸಣೆ ಮಾಡಿಸಬೇಕು. ಹೊಸಬರಿಗೆ ಮನೆಯೊಳಗೆ ಬರುವ ಮೊದಲೇ ವರದಿಯ ಪ್ರತಿ ಕೊಡಬೇಕು, ಈಗಾಗಲೇ ಇರುವವರಿಗೆ 28 ದಿನದೊಳಗೆ. ಅಪಾಯದ ದೋಷ ಕಂಡರೆ 28 ದಿನದಲ್ಲಿ, ಅವಸರದ್ದಾದರೆ ಅದಕ್ಕೂ ಮೊದಲೇ ಸರಿಪಡಿಸಬೇಕು. ತಪ್ಪಿದರೆ ಸ್ಥಳೀಯ ಆಡಳಿತ ದಂಡ ಹಾಕುತ್ತದೆ. ನಿಯಮ ಬಂದಾಗ ಅದರ ಮಿತಿ 30,000 ಪೌಂಡ್ ಇತ್ತು. ಸ್ಕಾಟ್ಲೆಂಡಿನಲ್ಲಿ ಇಂಥದ್ದು 2015 ರಲ್ಲೇ ಬಂದಿತ್ತು.

ಆದರೆ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಇಂಗ್ಲೆಂಡಿನ ಆ ನಿಯಮ ತಪಾಸಣೆ ಮಾಡುವ ಎಲೆಕ್ಟ್ರಿಷಿಯನ್‌ಗಳ ಸರ್ಕಾರದ್ದೇ ಒಂದು ಪಟ್ಟಿಯನ್ನು ಹುಟ್ಟಿಸಲಿಲ್ಲ. "ಅರ್ಹತೆ ಮತ್ತು ಸಾಮರ್ಥ್ಯ ಇರುವವರು" ಮಾಡಬೇಕು ಅಂದಿತು, ಅಷ್ಟೆ. ಎನ್‌ಐಸಿಇಐಸಿ, ನ್ಯಾಪಿಟ್‌ನಂಥ ಸಂಸ್ಥೆಗಳಲ್ಲಿ ನೋಂದಾಯಿಸಿಕೊಂಡವರನ್ನು ಮಾಲೀಕರು ಹುಡುಕಿಕೊಳ್ಳುತ್ತಾರೆ. ಕಡಿಮೆ ದುಡ್ಡಿಗೆ ಅರ್ಧ ಗಂಟೆಯಲ್ಲಿ ಮುಗಿಸಿ ಹೋಗುವ ತಪಾಸಣೆಗಳ ಬಗ್ಗೆ ಅಲ್ಲೂ ದೂರು ಇವೆ. ಹಾಗಾಗಿ ಪಟ್ಟಿ ಮಾಡಿದ ಕೂಡಲೇ ಕೆಲಸ ಮುಗಿಯಿತು ಅಂತ ನಾವು ತಿಳಿಯಬಾರದು. ಪಟ್ಟಿಯಲ್ಲಿ ಯಾರ ಹೆಸರಿದೆ, ಅವರು ಬರೆದ ಮಾತಿಗೆ ಯಾರು ಹೊಣೆ ಅನ್ನುವುದೇ ಮುಖ್ಯ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ಕಾಂಟ್ರಾಕ್ಟರ್ ಲೈಸೆನ್ಸ್, ಸೂಪರ್‌ವೈಸರ್ ಪರ್ಮಿಟ್, ವೈರ್‌ಮನ್ ಪರ್ಮಿಟ್ ಕೊಡುತ್ತಾರೆ. ಬಲ್ಬು, ಫ್ಯಾನು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ ವೈರಿಂಗ್ ಮಾಡಬೇಕಾದವರು ಇಂಥವರೇ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010 ರ ಸುರಕ್ಷತಾ ನಿಯಮಗಳಲ್ಲೂ ಐದು ವರ್ಷ ಮೀರದಂತೆ ತಪಾಸಣೆ ಎಂಬ ಮಾತು ಇತ್ತು. ಅವುಗಳ ಜಾಗಕ್ಕೆ 2023 ರಲ್ಲಿ ಹೊಸವು ಬಂದಿವೆ. ಆದರೆ ಸಣ್ಣ ಮನೆಗಳ ಮಟ್ಟಿಗೆ ನೋಡಿಸಿಕೊಳ್ಳುವ ಹೊಣೆ ಮನೆಯವರಿಗೇ ಬಿಟ್ಟದ್ದು. ಬಾಡಿಗೆ ಮನೆಯಲ್ಲಿ ಆ "ಮನೆಯವರು" ಯಾರು? ಮಾಲೀಕರು ಬೇರೆ ಬಡಾವಣೆಯಲ್ಲಿರುತ್ತಾರೆ. ಕೂಲರ್ ಪಕ್ಕದಲ್ಲಿ ಮಲಗುವವರು ನೀವು. 2021 ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಒಳಗಿನ, ಹೊರಗಿನ ವೈರಿಂಗ್ ಮಾಲೀಕರ ಪಾಲು, ಸ್ವಿಚ್ಚು ಸಾಕೆಟ್ಟಿನ ರಿಪೇರಿ ಬಾಡಿಗೆದಾರರ ಪಾಲು ಅಂತ ಹಂಚಿದ್ದಾರೆ. ಹಂಚಿಕೆ ಸರಿಯಾಗಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾನೂನಾಗಿ ತಂದರೆ ಮಾತ್ರ ಅದಕ್ಕೆ ಬಲ ಬರುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದ ಪ್ರಕಾರ ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ಕರೆಂಟ್ ಹೊಡೆದು ಸಾಯುವವರು ವರ್ಷಕ್ಕೆ 12 ಸಾವಿರಕ್ಕೂ ಜಾಸ್ತಿ. ಹೊಲ, ಕಂಬ, ಕಾರ್ಖಾನೆ, ಮನೆ ಎಲ್ಲವೂ ಅದರಲ್ಲಿ ಸೇರಿವೆ. ಇಂಥ ಸಾವಾದರೆ ವಿದ್ಯುತ್ ಪರಿವೀಕ್ಷಕರಿಂದ ತನಿಖೆ ಮಾಡಿಸಲು 2003 ರ ವಿದ್ಯುತ್ ಕಾಯ್ದೆಯ 161 ನೇ ಕಲಮಿನಲ್ಲಿ ದಾರಿ ಇದೆ. ಸಾವಾದ ಮೇಲೆ ಬರುವವರು ಇದ್ದಾರೆ. ಬಾಡಿಗೆ ಮನೆಗೆ ಅದಕ್ಕೂ ಮೊದಲು ಬರುವವರು ಬೇಕು ಅನ್ನುವುದೇ ನನ್ನ ವಾದ.

ಹೇಗಿರಬೇಕು ಆ ಪಟ್ಟಿ? ಅದರಲ್ಲಿ ಅಂಗಡಿಯ ಹೆಸರು ಬೇಡ, ವ್ಯಕ್ತಿಯ ಹೆಸರು, ಪರ್ಮಿಟ್ ನಂಬರು ಇರಬೇಕು. ಯಾರು ಬೇಕಾದರೂ ಫೋನಿನಲ್ಲಿ ನೋಡಿ, ಈ ಮನುಷ್ಯ ಪಟ್ಟಿಯಲ್ಲಿದ್ದಾನೆಯೇ ಅಂತ ತಿಳಿಯುವಂತಿರಬೇಕು. ವೈರಿಂಗ್ ಮಾಡುವ ಕೈಚಳಕ ಬೇರೆ, ಪರೀಕ್ಷೆ ಮಾಡುವ ವಿದ್ಯೆ ಬೇರೆ. ಟೆಸ್ಟರ್ ಹಚ್ಚಿ ಬಲ್ಬು ಹೊತ್ತಿತು ಅಂದರೆ ತಪಾಸಣೆ ಆದಂತಲ್ಲ. ಮೇನ್ ಆರಿಸಿ, 500 ವೋಲ್ಟಿನ ಮೆಗ್ಗರ್ ಎಂಬ ಅಳೆಯುವ ಉಪಕರಣ ಹಚ್ಚಿ ತಂತಿಯ ಹೊದಿಕೆಯ ತಡೆ (ಇನ್ಸುಲೇಷನ್) ಕನಿಷ್ಠ 1 ಮೆಗಾ ಓಮ್ ಇದೆಯೇ ನೋಡಬೇಕು. ಪ್ರತಿ ಸಾಕೆಟ್ಟಿನ ಅರ್ಥ್ ಮೇನ್‌ವರೆಗೆ ಕೂಡಿದೆಯೇ, ಫೇಸ್ ನ್ಯೂಟ್ರಲ್ ತಿರುಗುಮುರುಗಾಗಿಲ್ಲವೇ, ಆರ್‌ಸಿಸಿಬಿ ಎಷ್ಟು ಮಿಲಿ ಸೆಕೆಂಡಿಗೆ ಬೀಳುತ್ತದೆ, ಇದನ್ನೆಲ್ಲ ಅಳೆದು ಬರೆಯಬೇಕು. ಎರಡು ಕೋಣೆ ಮನೆಗೂ ಎರಡು ಮೂರು ತಾಸು ಹಿಡಿಯುವ ಕೆಲಸ ಇದು. ಆ ಉಪಕರಣ ಅಗ್ಗದ್ದಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ನಮ್ಮ ಊರಲ್ಲೇ ಇದೆ. ಐಟಿಐಗಳಲ್ಲಿ ಒಂದು ಸಣ್ಣ ತರಬೇತಿ ಮತ್ತು ಬಾಡಿಗೆಗೆ ಸಿಗುವ ಉಪಕರಣದ ಪೆಟ್ಟಿಗೆ, ಇಷ್ಟಕ್ಕೆ ಮಂಡಳಿ ದುಡ್ಡು ಕೊಟ್ಟರೆ ಅದು ಸಾರ್ಥಕ ಖರ್ಚು.

ತಪಾಸಣೆ ಮಾಡಿದವರೇ ರಿಪೇರಿಯನ್ನೂ ಮಾಡಬಹುದೇ? ಬೇಡ ಅನ್ನುವುದು ಮೊದಲ ಅನಿಸಿಕೆ. ಇಲ್ಲದ ದೋಷ ತೋರಿಸಿ ಬಿಲ್ ಬೆಳೆಸುವ ಆಸೆ ಬರುತ್ತದೆ. ಆದರೆ ಔರಾದಿನಲ್ಲೋ ಸುರಪುರದಲ್ಲೋ ಪರ್ಮಿಟ್ ಇರುವವರು ಎಷ್ಟು ಜನ ಸಿಕ್ಕಾರು? ಅಲ್ಲಿ ಇಬ್ಬರನ್ನು ಬೇರೆ ಬೇರೆ ಹುಡುಕಿ ಅಂದರೆ ಕೆಲಸವೇ ನಿಲ್ಲುತ್ತದೆ. ಹಾಗಾಗಿ ಬಿಡಬಹುದು. ಆದರೆ ವರದಿಗಳಲ್ಲಿ ಕೆಲವನ್ನು ಆರಿಸಿ ಪರಿವೀಕ್ಷಣಾಲಯದವರು ಮತ್ತೆ ಹೋಗಿ ನೋಡಬೇಕು. ಮನೆಗೆ ಹೋಗದೆ ವರದಿ ಬರೆದವರ ಹೆಸರು ಪಟ್ಟಿಯಿಂದ ಹೋಗಬೇಕು. ಗಾಡಿಯ ಹೊಗೆ ತಪಾಸಣೆಗೆ ಈಗ ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾರಲ್ಲ, ಹಾಗೆಯೇ ಮೀಟರ್ ಮತ್ತು ಬೋರ್ಡಿನ ಫೋಟೊ, ಮನೆಯ ಕರೆಂಟ್ ಖಾತೆಯ ಆರ್.ಆರ್. ನಂಬರ್ ವರದಿಯ ಜೊತೆ ಇರಲಿ.

ಆರ್.ಆರ್. ನಂಬರ್ ಅಂದಾಗ ನೆನಪಾಗುತ್ತದೆ. 2023 ರ ಆಗಸ್ಟ್ 5 ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಗೆ ಚಾಲನೆ ಕೊಟ್ಟದ್ದು ನಮ್ಮ ಕಲಬುರಗಿಯಲ್ಲೇ. ಆ ಯೋಜನೆಯಲ್ಲಿ ಬಾಡಿಗೆದಾರರೂ ತಮ್ಮ ಆಧಾರ್ ನಂಬರನ್ನು ಮನೆಯ ಕರೆಂಟ್ ಖಾತೆಗೆ ಜೋಡಿಸಿ ಅರ್ಜಿ ಹಾಕಿದರು. ಯಾವ ಮೀಟರಿನ ಹಿಂದೆ ಯಾರು ಬಾಡಿಗೆಗಿದ್ದಾರೆ ಅನ್ನುವುದು ದಾಖಲೆಗೆ ಬಂತು. ಅದೇ ಖಾತೆಯಲ್ಲಿ ಕೊನೆಯ ತಪಾಸಣೆ ಯಾವಾಗ ಆಯಿತು, ಯಾರು ಮಾಡಿದರು ಎಂದು ಒಂದು ಸಾಲು ಸೇರಿಸುವುದು ದೊಡ್ಡ ಕೆಲಸವೇನಲ್ಲ. ಬಿಲ್ಲಿನಲ್ಲೇ ಅದು ಅಚ್ಚಾಗಿ ಬಂದರೆ ನೀವು ಮಾಲೀಕರನ್ನು ಕೇಳುವ ಪ್ರಸಂಗವೇ ಬರುವುದಿಲ್ಲ.

ನಿಮ್ಮ ಭಯವೂ ಅಲ್ಲೇ ಇದೆ ಅಲ್ವಾ? ಕೇಳಿದರೆ ಖಾಲಿ ಮಾಡಿ ಅನ್ನುತ್ತಾರೆ. ಅದು ಸುಳ್ಳು ಭಯ ಅಂತ ನಾನು ಹೇಳಲಾರೆ. ಇಂಥ ತಪಾಸಣೆ ಬಾಡಿಗೆದಾರರ ಬೇಡಿಕೆಯಾಗಿ ಉಳಿಯಬಾರದು, ಮಾಲೀಕರ ಕರ್ತವ್ಯವಾಗಬೇಕು ಎಂದು ನಾನು ಒತ್ತಿ ಹೇಳುವುದು ಅದಕ್ಕೇ. ಎಲ್ಲ ಮಾಲೀಕರೂ ಶ್ರೀಮಂತರಲ್ಲ ಅನ್ನುವುದನ್ನೂ ಮರೆಯಬಾರದು. ಗಂಡ ತೀರಿಕೊಂಡು ಎರಡು ಕೋಣೆ ಬಾಡಿಗೆಯ ಮೇಲೆ ಬದುಕುವ ಅಮ್ಮಂದಿರು ನಮ್ಮ ಓಣಿಗಳಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗೆ ಕಂತಿನಲ್ಲಿ, ಕರೆಂಟ್ ಬಿಲ್ಲಿನ ಜೊತೆಗೇ ಸ್ವಲ್ಪ ಸ್ವಲ್ಪ ಕಟ್ಟುವ ಅನುಕೂಲ ಬೇಕು.

ಪರ್ಮಿಟ್ ಇಲ್ಲದೆ ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲೇ ಬದುಕಿರುವವರ ಮಾತೂ ಇದೆ. ಇವರಲ್ಲಿ ಒಳ್ಳೆ ಕೆಲಸಗಾರರಿದ್ದಾರೆ. ಕಾಗದ ಇಲ್ಲ ಅಂತ ಅವರನ್ನು ಹೊರಗಿಟ್ಟರೆ ಅವರು ಕೆಲಸ ಬಿಡುವುದಿಲ್ಲ, ಪಟ್ಟಿಯ ಹೊರಗೇ ಮಾಡುತ್ತಾರೆ. ಅನುಭವ ನೋಡಿ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಪದ್ಧತಿ ಕೇಂದ್ರದ ಕೌಶಲ ಯೋಜನೆಯಲ್ಲಿ ಈಗಲೇ ಇದೆ. ಆ ಬಾಗಿಲಿನಿಂದ ಅವರನ್ನು ಪರ್ಮಿಟ್ಟಿನವರೆಗೆ ಕರೆತರಬೇಕು. ಪರೀಕ್ಷೆ ಕನ್ನಡದಲ್ಲಿರಲಿ, ಕೈಯಲ್ಲಿ ಮಾಡಿ ತೋರಿಸುವುದಕ್ಕೆ ಹೆಚ್ಚು ಅಂಕ ಇರಲಿ.

ಎಲ್ಲ ಬಾಡಿಗೆ ಮನೆಗೂ ಒಮ್ಮೆಲೇ ತರಲು ಹೊರಟರೆ ಇದು ಕಾಗದದಲ್ಲೇ ಉಳಿಯುತ್ತದೆ. ಪಿಜಿಗಳು, ಹುಡುಗ ಹುಡುಗಿಯರಿಗೆ ಕೋಣೆ ಕೊಡುವ ಕಟ್ಟಡಗಳಿಂದ ಶುರು ಮಾಡಲಿ. ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್ ಕಾಲೇಜಿಗೆ ಅಂತ ಬೇರೆ ಊರಿನಿಂದ ಬರುವ ಮಕ್ಕಳು ಒಂದೇ ಮೀಟರಿನ ಕೆಳಗೆ ಎಷ್ಟು ಜನ ಮಲಗುತ್ತಾರೆ ನೋಡಿ. ಮಹಾನಗರ ಪಾಲಿಕೆ ಪಿಜಿಗಳಿಗೆ ಪರವಾನಗಿ ಕೊಡುವಾಗ ಈ ವರದಿಯನ್ನೂ ಕೇಳಲಿ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು: ಮಾಲೀಕರಿಗೆ ವಾಟ್ಸಾಪಿನಲ್ಲಿ ಬರೆದು ತಿಳಿಸಿ, ಬರೀ ಬಾಯಿಮಾತು ಬೇಡ. ಅದೇ ಕಟ್ಟಡದ ಉಳಿದ ಬಾಡಿಗೆದಾರರನ್ನೂ ಕೂಡಿಸಿಕೊಳ್ಳಿ. ಕಾಂಟ್ರಾಕ್ಟರ್ ಲೈಸೆನ್ಸ್ ಇರುವವರನ್ನು ಕರೆಸಿ ಅರ್ಥಿಂಗ್ ಅಳೆಸಿ. ಆರ್‌ಸಿಸಿಬಿ ಹಾಕಿಸಲು ಎರಡು ಮೂರು ಸಾವಿರ ರೂಪಾಯಿ ಆಗಬಹುದು. ಅರ್ಧ ನಾನು ಕೊಡುತ್ತೇನೆ ಅಂದರೂ ತಪ್ಪಿಲ್ಲ. ಮುಂದಿನ ಕರಾರು ಬರೆಸುವಾಗ ಸುಣ್ಣ ಬಣ್ಣದ ಸಾಲಿನ ಕೆಳಗೆ ಇದನ್ನೂ ಸೇರಿಸಿ ಅಂತ ಕೇಳಿ: "ಮನೆಯ ವೈರಿಂಗ್, ಅರ್ಥಿಂಗ್ ಮತ್ತು ಆರ್‌ಸಿಸಿಬಿಯನ್ನು ಲೈಸೆನ್ಸ್ ಇರುವ ಕಾಂಟ್ರಾಕ್ಟರ್‌ರಿಂದ ಪರೀಕ್ಷೆ ಮಾಡಿಸಲಾಗಿದೆ. ಅವರ ಹೆಸರು, ಲೈಸೆನ್ಸ್ ನಂಬರ್, ದಿನಾಂಕ ಇರುವ ವರದಿಯ ಪ್ರತಿಯನ್ನು ಬಾಡಿಗೆದಾರರಿಗೆ ಕೊಡಲಾಗಿದೆ."

- ಸಂಪಾದಕ