ರಂಗೂನ್ ಬಳ್ಳಿಯ ಒಂದೇ ಗೊಂಚಲಿನಲ್ಲಿ ಬಿಳಿ, ಗುಲಾಬಿ, ಕೆಂಪು ಹೂ ಹೇಗೆ ಬಿಡುತ್ತವೆ?

ಅವು ಮೂರು ಬಗೆಯ ಹೂಗಳಲ್ಲ, ಬೇರೆ ಬೇರೆ ವಯಸ್ಸಿನ ಒಂದೇ ಹೂ. ರಂಗೂನ್ ಬಳ್ಳಿಯ (ಮಧುಮಾಲತಿ ಅಂತಲೂ ಕರೆಯುತ್ತಾರೆ) ಮೊಗ್ಗು ಮುಸ್ಸಂಜೆಗೆ ಬಿಳಿಯಾಗಿ ಅರಳುತ್ತದೆ, ಮರುದಿನ ಗುಲಾಬಿಗೆ ತಿರುಗಿ, ಆಮೇಲೆ ಕಡುಗೆಂಪಾಗುತ್ತದೆ. ದಿನವೂ ಹೊಸ ಮೊಗ್ಗು ಬಿರಿಯುವುದರಿಂದ ಗೊಂಚಲಿನಲ್ಲಿ ಮೂರೂ ಬಣ್ಣ ಒಟ್ಟಿಗೆ ಕಾಣುತ್ತವೆ.

ಬಣ್ಣ ತರುವುದು ಆಂಥೋಸಯನಿನ್, ಅಂದರೆ ನೇರಳೆ ಹಣ್ಣಿಗೂ ಬಣ್ಣ ಕೊಡುವ ವರ್ಣದ್ರವ್ಯ. ಅರಳಿದ ಮೇಲೆ ಅದು ದಳಗಳಲ್ಲಿ ಹೆಚ್ಚುತ್ತಾ ಹೋಗುತ್ತದೆ. ಗಿಡಕ್ಕೆ ಇದರಿಂದ ಲಾಭವಿದೆ. ಮಕರಂದ ಇರುವುದು ಬೆರಳುದ್ದದ ಸಪೂರ ಕೊಳವೆಯ ತಳದಲ್ಲಿ. ಕತ್ತಲಲ್ಲಿ ಎದ್ದು ಕಾಣುವ ಬಿಳುಪು ಮತ್ತು ಸುವಾಸನೆಗೆ ಹಾಕ್‌ಮಾತ್ ಎಂಬ ಉದ್ದ ಸೊಂಡಿಲಿನ ಪತಂಗ ಬರುತ್ತದೆ. ಹಗಲಿಗೆ ಗುಲಾಬಿ, ಕೆಂಪು ಬಣ್ಣ ಜೇನ್ನೊಣಗಳನ್ನೂ ಸೂರಕ್ಕಿಗಳನ್ನೂ ಕರೆಯುತ್ತದೆ. ರಾತ್ರಿ ಪಾಳಿ, ಹಗಲು ಪಾಳಿ ಎರಡಕ್ಕೂ ಒಂದೇ ಹೂ! ನನಗಂತೂ ಬೇಸಿಗೆ ಶುರುವಾಗುವಾಗ ಮನೆಯಂಗಳದಲ್ಲಿ ಇದಕ್ಕಿಂತ ಚೆಂದದ ನೋಟವಿಲ್ಲ.

ನೀವೇ ನೋಡಬೇಕಾದರೆ ಸಂಜೆ ಬಿರಿಯುತ್ತಿರುವ ಒಂದು ಮೊಗ್ಗಿನ ತೊಟ್ಟಿಗೆ ನೂಲು ಸುತ್ತಿ ಗುರುತು ಮಾಡಿ, ಮುಂದಿನ ಎರಡು ಮೂರು ದಿನ ಅದೇ ಹೂವನ್ನು ಗಮನಿಸಿ.